ಮಗಳ ರಬ್ಬರು, ನನ್ನ ರ‍್ಯಾಮು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆ ಕಂಪ್ಯೂಟರಿಗೆ ಮಳೆಗಾಲ ಬಂತೆಂದರೆ ಗ್ರಹಚಾರ. ಈ ಸಲ ದಿನಕ್ಕೆ ನಾಲ್ಕೈದು ಬಾರಿ ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಪರದೆ, ಆಮೇಲೆ ತಾನೇ ರೀಸ್ಟಾರ್ಟ್. ಹೊಸದು ತಗೊಳ್ಳಿ ಅಂದ್ರೆ ಕೇಳಲ್ಲ ಅಂತ ಹೆಂಡತಿಯ ಮಂಗಳಾರತಿ ಬೇರೆ.

ಕಂಪ್ಯೂಟರಿನ ಆಗುಹೋಗಿನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದರೆ ಸಾಲುಸಾಲು ಕರ್ನಲ್-ಪವರ್ 41 ಅನ್ನೋ ಎರರ್. ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಹೋಯಿತು ಅಂದುಕೊಂಡೆ. ಆದರೆ ಮಷೀನು ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತಷ್ಟೇ ಆ 41ರ ಅರ್ಥ, ಯಾಕೆ ಅಂತ ಅದು ಬಾಯಿಬಿಡಲ್ಲ. ಗಲ್ಲಿಯ ರಿಪೇರಿಯವನಂತೂ ಮುಚ್ಚಳವನ್ನೂ ತೆಗೆಯದೆ "ಮದರ್‌ಬೋರ್ಡ್ ಗೇಲಾ" (ಹೋಯ್ತು) ಅಂದುಬಿಟ್ಟ. ಜ್ಯೋತಿಷಿಗೂ ಇಷ್ಟು ಧೈರ್ಯ ಇರಲ್ಲ.

ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ಎರರ್‌ಗಳ ರಾಶಿ. ಎರಡು ರ‍್ಯಾಮ್ (ಮೆಮೊರಿ) ಕಡ್ಡಿಗಳನ್ನು ಒಂದೊಂದಾಗಿ ಹಾಕಿ ನೋಡಿದಾಗ ಕಳ್ಳ ಸಿಕ್ಕ. ಟ್ಯೂಬ್‌ಲೈಟಿಗೆ ಹಿಡಿದೆ: ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳ ಮೇಲೆ ತೆಳು ಕಂದು ಪೊರೆ, ಹಾಲು ಸೀದ ಪಾತ್ರೆಯ ಅಂಚಿನ ಹಾಗೆ. ನಮ್ಮ ಕಿಟಕಿಯ ತೇವದ್ದೇ ಕೆಲಸ ಇರಬೇಕು.

ಮಗಳ ಕಂಪಾಸ್ ಬಾಕ್ಸಿನ ಬಿಳಿ ರಬ್ಬರು ತಗೊಂಡು ಹಗುರಾಗಿ, ಒಂದೇ ದಿಕ್ಕಿಗೆ ಉಜ್ಜಿದೆ. ಪುಡಿಯನ್ನು ಬ್ರಷ್‌ನಲ್ಲಿ ತೆಗೆಯಬೇಕು. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತೆ. ಸ್ಲಾಟಿಗೆ ಒತ್ತಿದಾಗ ಎರಡೂ ಕಡೆ ಟಕ್ ಅಂತು.

ಒಂಬತ್ತು ದಿನವಾಯಿತು, ನೀಲಿ ಪರದೆ ಕಂಡಿಲ್ಲ. ಹೊಸ ರ‍್ಯಾಮಿಗಾಗಿ ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿಳಿದು, ಕಂಪ್ಯೂಟರ್ ಸಾಮಾನಿನ ಪೇಟೆ ಲ್ಯಾಮಿಂಗ್ಟನ್ ರೋಡ್ ಅಲೆಯುವುದು ಸದ್ಯಕ್ಕೆ ತಪ್ಪಿತು. ರಬ್ಬರು ಕಪ್ಪಾಗಿದೆ ಅಂತ ಮಗಳು ಮಾತ್ರ ಇನ್ನೂ ಮುನಿಸಿಕೊಂಡಿದ್ದಾಳೆ.