ತಲಕಾಡಿನ ಮರಳು ಎಲ್ಲಿಂದ ಬಂತು?

ತಲಕಾಡು ನೋಡಿ ಬಂದವರೂ ಕೇಳುತ್ತಾರೆ, ನೋಡಬೇಕೆಂದಿರುವವರೂ ಕೇಳುತ್ತಾರೆ: ಸುತ್ತ ಭತ್ತದ ಗದ್ದೆ, ಪಕ್ಕದಲ್ಲೇ ಕಾವೇರಿ, ನಡುವೆ ಮಾತ್ರ ದೇವಸ್ಥಾನಗಳೇ ಮುಚ್ಚಿಹೋಗುವಷ್ಟು ಮರಳು. ಇದು ಎಲ್ಲಿಂದ ಬಂತು? ಅಲಮೇಲಮ್ಮನ ಶಾಪ ನಿಜವಾ?

ಮರಳು ಕಾವೇರಿಯದೇ. ತಂದು ಹಾಕಿದ್ದು ಹೊಳೆ, ಊರ ಮೇಲೆ ಹತ್ತಿಸಿದ್ದು ಗಾಳಿ. ಆದರೆ ಕಾವೇರಿ ದಂಡೆಯಲ್ಲಿ ನೂರಾರು ಊರುಗಳಿದ್ದರೂ ಇದೊಂದಕ್ಕೇ ಈ ಗತಿ ಏಕೆ ಬಂತು ಎನ್ನುವುದಕ್ಕೆ ಊರು ಕೂತಿರುವ ಜಾಗವನ್ನು ನೋಡಬೇಕು.

ತಲಕಾಡು ಮೈಸೂರಿನಿಂದ ಸುಮಾರು 45 ಕಿ.ಮೀ. ದೂರ, ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿದೆ. ನರಸೀಪುರದಲ್ಲಿ ಕಬಿನಿಯನ್ನು ಸೇರಿಸಿಕೊಂಡ ಕಾವೇರಿ ಕೆಳಗಿಳಿದು ಬಂದು, ಇಲ್ಲಿ ಬಳಸಿಕೊಂಡು ತಿರುಗಿ ಶಿವನಸಮುದ್ರದ ಕಡೆ ಹೊರಡುತ್ತದೆ. ಆ ತಿರುವಿನ ಒಳಮಗ್ಗುಲಲ್ಲಿ, ಎಡದಂಡೆಯ ಮೇಲೆ ತಲಕಾಡು; ಎದುರುದಂಡೆಯಲ್ಲಿ ಮಾಲಂಗಿ. ಯಾವ ಹೊಳೆಯಾದರೂ ತಿರುಗುವಾಗ ಹೊರದಂಡೆಗೆ ನೀರು ರಭಸದಿಂದ ಬಡಿದು ತಳವನ್ನು ಕೊರೆಯುತ್ತದೆ. ಒಳದಂಡೆಯಲ್ಲಿ ಸೆಳವು ಕಡಿಮೆಯಾಗಿ, ಹೊತ್ತು ತಂದ ಮರಳನ್ನು ಅಲ್ಲೇ ಇಳಿಸುತ್ತದೆ. ಹಾಗಾಗಿ ಒಂದು ಕಡೆ ಮಡು, ಇನ್ನೊಂದು ಕಡೆ ಮರಳದಿಬ್ಬ.

ಈಗ ಶಾಪದ ಮಾತನ್ನು ಓದಿ: "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ." ಮೊದಲ ಎರಡು ಮಾತು ಒಂದೇ ತಿರುವಿನ ಎರಡು ದಂಡೆಗಳ ವರ್ಣನೆ. ಇದನ್ನು ಕಟ್ಟಿದವರಿಗೆ ಹೊಳೆ ಚೆನ್ನಾಗಿ ಗೊತ್ತಿತ್ತು. ಮೂರನೆಯದು ಅರಮನೆಯ ವಿಚಾರ, ಅದಕ್ಕೆ ಹೊಳೆಯಲ್ಲಿ ಉತ್ತರ ಸಿಗುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ: 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿ ತಿರುಮಲರಾಜನಿಂದ ಪಡೆದರು. ಅವನು ಕಾಯಿಲೆಯಿಂದ ತಲಕಾಡಿಗೆ ಬಂದು ತೀರಿಕೊಂಡ. ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆ ಅವನ ಹೆಂಡತಿ ಅಲಮೇಲಮ್ಮನ ಹತ್ತಿರ ಉಳಿದಿತ್ತು. ಅದನ್ನು ತರಲು ಒಡೆಯರ ಕಡೆಯವರು ಬಂದಾಗ ಆಕೆ ಶಪಿಸಿ ಮಾಲಂಗಿ ಮಡುವಿಗೆ ಹಾರಿದಳು. ಗಮನಿಸಿ, ಕಥೆಯಲ್ಲೇ ಆಕೆ ಹಾರುವ ಹೊತ್ತಿಗೆ ಅಲ್ಲಿ ಮುಳುಗುವಷ್ಟು ಆಳದ ನೀರಿದೆ.

ತಿರುವು ಮಾತ್ರವೇ ಕಾರಣವಾಗಿದ್ದರೆ ಊರು ಮೊದಲೇ ಹೂತುಹೋಗಬೇಕಿತ್ತು. ಕೋಲಾರದಿಂದ ಬಂದ ಗಂಗರು ಇಲ್ಲಿ ಶತಮಾನಗಳ ಕಾಲ ರಾಜಧಾನಿ ಇಟ್ಟುಕೊಂಡಿದ್ದರು. 1004ರ ಸುಮಾರಿಗೆ ಚೋಳರು ಹಿಡಿದು ರಾಜರಾಜಪುರ ಎಂದು ಕರೆದರು. ಹೊಯ್ಸಳ ವಿಷ್ಣುವರ್ಧನ ಅವರನ್ನು ಓಡಿಸಿ 'ತಲಕಾಡುಗೊಂಡ' ಎಂಬ ಬಿರುದು ಧರಿಸಿದ, 1117ರಲ್ಲಿ ಕೀರ್ತಿನಾರಾಯಣ ಗುಡಿ ಕಟ್ಟಿಸಿದ. ಗೆದ್ದ ನೆನಪಿಗೆ ಕಟ್ಟಿಸುವ ಗುಡಿಯನ್ನು ಮರಳು ಏರಿ ಬರುತ್ತಿರುವ ಜಾಗದಲ್ಲಿ ಯಾರೂ ಕಟ್ಟಿಸುವುದಿಲ್ಲ. ಅಂದರೆ 12ನೇ ಶತಮಾನದವರೆಗೆ ಇಲ್ಲಿ ಗಟ್ಟಿನೆಲವಿತ್ತು, ಮರಳಿನ ಕಾಟ ಅದರಿಂದೀಚೆಗಿನದು.

ಆಮೇಲೆ ಆದದ್ದೇನು? ವಿಜಯನಗರದ ಕಾಲ, 14ನೇ ಶತಮಾನದಲ್ಲಿ ತಲಕಾಡಿನ ಮೇಲ್ಭಾಗದಲ್ಲಿ ಕಾವೇರಿಗೆ ಅಡ್ಡಲಾಗಿ ಮಾಧವಮಂತ್ರಿ ಅಣೆಕಟ್ಟೆ ಬಂತು. ಇದು ಇಂದಿನ ಜಲಾಶಯಗಳಂತಲ್ಲ. ನೀರನ್ನು ಸ್ವಲ್ಪ ಎತ್ತರಿಸಿ ನಾಲೆಗೆ ತಿರುಗಿಸುವ ಕಲ್ಲುಕಟ್ಟೆ. ಪ್ರವಾಹ ಬಂದರೆ ನೀರು ಮೇಲೇ ಹಾದುಹೋಗುತ್ತದೆ. ತೊಂದರೆ ಬೇಸಿಗೆಯದು. ಹೊಳೆ ಸಣ್ಣಗಾದಾಗ ಇರುವ ನೀರೂ ನಾಲೆಗೆ ತಿರುಗಿದರೆ ಕೆಳಗಿನ ಪಾತ್ರದಲ್ಲಿ ಮರಳು ಬಯಲಾಗುತ್ತದೆ, ಬಿಸಿಲಿಗೆ ಒಣಗುತ್ತದೆ. ನೆಲದ ಪದರಗಳೇ ಸರಿದು ಹೊಳೆಯ ದಾರಿ ಬದಲಾಯಿತು ಎನ್ನುವ ಭೂವಿಜ್ಞಾನಿಗಳೂ ಇದ್ದಾರೆ. ನನಗೆ ಒಪ್ಪಿಗೆಯಾಗುವುದು ಕಟ್ಟೆಯ ವಿವರಣೆ, ಏಕೆಂದರೆ ಅದು ಕಾಲಕ್ಕೂ ಹೊಂದುತ್ತದೆ, ಜಾಗಕ್ಕೂ ಹೊಂದುತ್ತದೆ.

ಇನ್ನು ಗಾಳಿ. ಒಣಮರಳಿನ ಕಾಳು ಅಲುಗಾಡಲು ಗಂಟೆಗೆ 20 ಕಿ.ಮೀ. ಆಸುಪಾಸಿನ ಗಾಳಿ ಸಾಕು. ಕಾಳುಗಳು ಧೂಳಿನಂತೆ ಆಕಾಶಕ್ಕೇರುವುದಿಲ್ಲ. ಹಾರಿ, ಬಿದ್ದು, ಬಿದ್ದಲ್ಲಿ ಇನ್ನೊಂದಷ್ಟು ಕಾಳನ್ನು ಎಬ್ಬಿಸುತ್ತ, ಹೆಚ್ಚಿನಂಶ ಮೊಣಕಾಲೆತ್ತರದೊಳಗೇ ಸಾಗುತ್ತವೆ. ಒದ್ದೆ ಮರಳು ಹೀಗೆ ಏಳುವುದಿಲ್ಲ. ಹಾಗಿದ್ದರೆ ಮುಂಗಾರಿನಲ್ಲಿ ಮರಳು ನಿಲ್ಲಬೇಕಲ್ಲ ಎನ್ನಬಹುದು. ಇಲ್ಲಿಯ ವಿಶೇಷವೇ ಅದು: ಘಟ್ಟದ ಈಚೆಯ ಈ ಬಯಲಿಗೆ ಜೂನ್‌, ಜುಲೈನಲ್ಲಿ ನೈಋತ್ಯದ ಗಾಳಿ ಜೋರಾಗಿ ಬರುತ್ತದೆ, ಮಳೆ ಮಾತ್ರ ಕಡಿಮೆ. ದೊಡ್ಡ ಮಳೆ ಸೆಪ್ಟೆಂಬರ್‌, ಅಕ್ಟೋಬರಿನದು. ಹೊಳೆ ತುಂಬುವ ಮುಂಚೆ ಪಾತ್ರದ ಮರಳು ದಂಡೆ ಹತ್ತುತ್ತದೆ. ತುಂಬಿದ ಮೇಲೂ ದಂಡೆ ಹತ್ತಿ ಕೂತ ದಿಬ್ಬಗಳು ಈಶಾನ್ಯಕ್ಕೆ ಸರಿಯುತ್ತಲೇ ಇರುತ್ತವೆ. ಆ ದಿಕ್ಕಿನಲ್ಲೇ ಊರು.

ದಿಬ್ಬಗಳು ವರ್ಷಕ್ಕೆ 9–10 ಅಡಿ ಮುಂದೆ ಬರುತ್ತಿದ್ದವು, ಅದೂ ಮುಖ್ಯವಾಗಿ ನೈಋತ್ಯ ಮಾರುತದ ಕಾಲದಲ್ಲಿ ಎಂದು ಬ್ರಿಟಿಷರ ಕಾಲದ ಬರಹಗಳು ಹೇಳುತ್ತವೆ. ಒಂದು ವರ್ಷದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ನೂರು ವರ್ಷಕ್ಕೆ ಸುಮಾರು 300 ಮೀಟರ್‌, ಎಂದರೆ ಒಂದು ಸಣ್ಣ ಊರಿನ ಅಗಲ. ಜನ ಮನೆ ಬಿಟ್ಟು ಬಿಟ್ಟು ಹಿಂದಕ್ಕೆ ಸರಿಯುತ್ತ ಹೋದರು. ಆದರೂ ಊರು ಖಾಲಿಯಾಗಲಿಲ್ಲ, ಬೆಳೆಯಿತು. ಕಾರಣ ಅದೇ ಮಾಧವಮಂತ್ರಿ ನಾಲೆಯ ನೀರು, ಅದರ ಕೆಳಗಿನ ಭತ್ತ. ಹಳೆಯ ಊರನ್ನು ಹೂಳಿದ ಕಟ್ಟೆಯೇ ಹೊಸ ಊರಿಗೆ ಅನ್ನ ಹಾಕಿತು. ಶಾಪದ ಕಥೆಗಿಂತ ಇದೇ ನನಗೆ ಸೋಜಿಗದ ಸಂಗತಿ, ಆದರೆ ಇದನ್ನು ಯಾರೂ ಕೇಳುವುದಿಲ್ಲ.

ಪಂಚಲಿಂಗಗಳ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ, ಐದೂ ಮರಳಲ್ಲಿ ಹೂತಿವೆ ಎಂದು. ಹಾಗಿಲ್ಲ. ಮೆಟ್ಟಿಲಿಳಿದು ಹೋಗಬೇಕಾದವು ಪಾತಾಳೇಶ್ವರ ಮತ್ತು ಮರಳೇಶ್ವರ. ಎಲ್ಲಕ್ಕಿಂತ ದೊಡ್ಡದಾದ ವೈದ್ಯನಾಥೇಶ್ವರ ಮರಳಿನ ಅಂಚಿನಲ್ಲಿದೆ. ಅರ್ಕೇಶ್ವರ ದಿಬ್ಬಗಳಿಂದ ಹೊರಗಿದೆ, ಮಲ್ಲಿಕಾರ್ಜುನ ಮುಡುಕುತೊರೆಯ ಬೆಟ್ಟದ ಮೇಲಿದ್ದಾನೆ. ಪಂಚಲಿಂಗ ದರ್ಶನ ಪ್ರತಿವರ್ಷ ಬರುವುದಿಲ್ಲ. ಕಾರ್ತಿಕ ಸೋಮವಾರದ ಅಮಾವಾಸ್ಯೆಗೆ ನಕ್ಷತ್ರ, ಯೋಗ ಕೂಡಿಬರಬೇಕು. ಈಚೆಗೆ 2009, 2013, 2020ರಲ್ಲಿ ನಡೆದಿದೆ. ಗುಡಿ ನೋಡುವುದಷ್ಟೇ ಉದ್ದೇಶವಾದರೆ ಆ ನೂಕುನುಗ್ಗಲು ಬೇಡ. ಮಾಮೂಲಿ ದಿನ ಬೆಳಿಗ್ಗೆ ಹತ್ತರೊಳಗೆ ಹೋಗಿ. ಚಪ್ಪಲಿ ಬಿಟ್ಟು ನಡೆಯಬೇಕು, ಮಧ್ಯಾಹ್ನದ ಮರಳು ಕಾಲು ಸುಡುತ್ತದೆ.

ಹೊಳೆಗೆ ಇಳಿಯುವವರಿಗೆ ಒಂದು ಮಾತು. ತಲಕಾಡಿನ ಕಡೆ ಮರಳು ನಿಧಾನಕ್ಕೆ ಇಳಿಜಾರಾಗಿ ನೀರಿಗೆ ಇಳಿಯುತ್ತದೆ, ಮೊಣಕಾಲುದ್ದ ನೀರು ತುಂಬ ದೂರ ಸಿಗುತ್ತದೆ. ಆಳ ಶುರುವಾಗುವ ಕಡೆ ಸೂಚನೆಯೇ ಇರುವುದಿಲ್ಲ. ಅಂಚಿನ ಮರಳು ಕಾಲ ಕೆಳಗೆ ಕುಸಿದು ನೇರ ಸೆಳವಿಗೆ ದೂಡುತ್ತದೆ. ಹಿಂದಿನ ವರ್ಷ ನಿಂತಿದ್ದ ಜಾಗ ಈ ವರ್ಷ ಗುಂಡಿಯಾಗಿರಬಹುದು. ಈಜು ಬಂದರೂ ಸೊಂಟಕ್ಕಿಂತ ಮೇಲೆ ನೀರು ಬರುವಲ್ಲಿಗೆ ಹೋಗಬೇಡಿ.

ಕೊನೆಗೆ ಎಲ್ಲರೂ ಸೇರಿಸುವ ಉಪಪ್ರಶ್ನೆ: ಮರಳೆಲ್ಲ ತೆಗೆದು ಹಳೆಯ ಊರನ್ನು ಹೊರತೆಗೆಯಬಾರದೇ? ಒಣಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲುವುದಿಲ್ಲ. 10 ಮೀಟರ್‌ ಆಳದ ಗುಡಿಯನ್ನು ಬಿಡಿಸಬೇಕೆಂದರೆ ಸುತ್ತಲೂ ಇನ್ನೂ 15 ಮೀಟರ್‌ ಅಗಲಕ್ಕೆ ಇಳಿಜಾರು ತೆಗೆಯಬೇಕು, ಇಲ್ಲವೇ ತಡೆಗೋಡೆ ಕಟ್ಟಬೇಕು. ಒಂದೇ ಬದಿಯ ಮರಳು ತೆಗೆದರೆ ಇನ್ನೊಂದು ಬದಿಯ ಭಾರ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ನಾಲ್ಕೂ ಕಡೆ ಸಮನಾಗಿ ಇಳಿಯುತ್ತ ಬರಬೇಕು. ದಿಬ್ಬ ಹಿಡಿದಿಡಲೆಂದು ಬೆಳೆಸಿದ ನೀಲಗಿರಿ ತೋಪನ್ನೂ ಕಡಿಯಬೇಕಾಗುತ್ತದೆ, ಆಗ ನಿಂತ ಮರಳು ಮತ್ತೆ ನಡೆಯುತ್ತದೆ. ತೆಗೆದದ್ದನ್ನು ಎಲ್ಲಿ ಹಾಕುತ್ತೀರಿ ಎನ್ನುವುದು ಅದಕ್ಕಿಂತ ದೊಡ್ಡ ಸಮಸ್ಯೆ. ನೈಋತ್ಯಕ್ಕೆ ಹಾಕಿದರೆ ಮುಂದಿನ ಜೂನ್‌ನಲ್ಲಿ ಗಾಳಿ ವಾಪಸು ತರುತ್ತದೆ, ಈಶಾನ್ಯಕ್ಕೆ ಹಾಕೋಣವೆಂದರೆ ಈಗಿನ ಊರಿದೆ.