ಇಷ್ಟು ವರ್ಷಗಳಾದ ಮೇಲೂ ಒಲವು ಉಳಿಯುವುದು ಹೇಗೆ?

ಜೊತೆಯಾಗಿ ಹತ್ತು ಹದಿನೈದು ವರ್ಷ ಕಳೆದ ಮೇಲೂ ಮೊದಲಿನ ಸೆಳೆತ ಉಳಿಯಲು ಏನು ಮಾಡಬೇಕೆಂದು ಹಲವರು ನನ್ನನ್ನು ಕೇಳುತ್ತಾರೆ. ಉಡುಗೊರೆ, ಪ್ರವಾಸಗಳ ಸಲಹೆಯನ್ನು ನಿರೀಕ್ಷಿಸುವವರಿಗೆ ನನ್ನ ಉತ್ತರ ತುಸು ಸಪ್ಪೆಯೆನಿಸಬಹುದು: ಸಂಗಾತಿ ಮಾತಾಡಿಸಿದಾಗ ತಲೆಯೆತ್ತಿ ನೋಡಿ.

ಒಬ್ಬರು ಕಿಟಕಿಯ ಬಳಿ ನಿಂತು ‘ಮೋಡ ಹೇಗೆ ಕಟ್ಟಿದೆ ನೋಡು’ ಎನ್ನುತ್ತಾರೆ. ಇನ್ನೊಬ್ಬರು ಮೊಬೈಲಿನಿಂದ ಕಣ್ಣು ಕೀಳದೆ ‘ಹೂಂ’ ಎನ್ನುತ್ತಾರೆ. ಇದೇ ದಿನವೂ ನಡೆದರೆ ಕರೆಯುವವರು ಕರೆಯುವುದನ್ನೇ ಬಿಡುತ್ತಾರೆ. ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ನವದಂಪತಿಗಳು ಒಬ್ಬರನ್ನೊಬ್ಬರು ಹೀಗೆ ಮಾತಿಗೆಳೆಯುವ ಸಣ್ಣ ಕರೆಗಳನ್ನು ಗಮನಿಸಿ, ಆರು ವರ್ಷಗಳ ನಂತರ ಅವರ ಸ್ಥಿತಿಯನ್ನು ಪರಿಶೀಲಿಸಿದಾಗ, ಒಟ್ಟಿಗೆ ಉಳಿದವರು ಸುಮಾರು 86 ಪ್ರತಿಶತ ಕರೆಗಳಿಗೂ, ಬೇರೆಯಾದವರು ಸುಮಾರು 33 ಪ್ರತಿಶತ ಕರೆಗಳಿಗೂ ಓಗೊಟ್ಟಿದ್ದುದು ಕಂಡುಬಂದಿತು. ಜಗಳದ ಬಗ್ಗೆ ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಜಗಳದ ನಡುವೆ ಮುಖದ ಮೇಲೆ ಮೂಡುವ ತಾತ್ಸಾರದ ನಗೆ ಮಾತ್ರ ನಿಜಕ್ಕೂ ಅಪಾಯಕಾರಿ.

ಆದರೆ ಅಕ್ಕರೆಯಿದ್ದೂ ಸೆಳೆತವಿಲ್ಲದ ಜೋಡಿಗಳು ಬೇಕಾದಷ್ಟಿವೆ. ಒಬ್ಬರನ್ನೊಬ್ಬರು ಪೂರ್ತಿ ಬಲ್ಲೆವೆಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣವೆಂದು ನನಗನಿಸುತ್ತದೆ. ಮನೋವಿಜ್ಞಾನಿ ಆರ್ಥರ್ ಆರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜೋಡಿಗಳ ಮಣಿಕಟ್ಟು ಮತ್ತು ಕಾಲುಗಳನ್ನು ಪರಸ್ಪರ ಕಟ್ಟಿ, ಕೈಯಲ್ಲಿ ಮುಟ್ಟದೆ ಒಂದು ದಿಂಬನ್ನು ಇಬ್ಬರ ಮೈ ನಡುವೆ ಹಿಡಿದುಕೊಂಡು ಅಂಬೆಗಾಲಿಕ್ಕಿ ಸಾಗಲು ಹೇಳಲಾಗಿತ್ತು. ಸಪ್ಪೆ ಕೆಲಸ ಮಾಡಿದವರಿಗಿಂತ ಈ ಪೇಚಾಟಕ್ಕೆ ಸಿಲುಕಿದವರಿಗೇ ತಮ್ಮ ಸಂಬಂಧ ಹೆಚ್ಚು ಹಿತವೆನಿಸಿತು. ಮನೆಯಲ್ಲಿ ದಿಂಬು ಕಟ್ಟಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಇಬ್ಬರಿಗೂ ಬಾರದ ನೃತ್ಯವನ್ನೋ ಈಜನ್ನೋ ಒಟ್ಟಿಗೆ ಕಲಿಯಲು ಹೊರಟರೆ, ಸಂಗಾತಿ ತಡವರಿಸುವುದನ್ನೂ ನಗುವುದನ್ನೂ ಹಟ ಹಿಡಿಯುವುದನ್ನೂ ಹೊಸದಾಗಿ ಕಾಣುವ ಅವಕಾಶ ಸಿಗುತ್ತದೆ.

ಇನ್ನು ದೈಹಿಕ ಬಯಕೆಯ ಮಾತು. ಅದು ತಾನಾಗಿ ಉಕ್ಕಿ ಬಂದರೆ ಮಾತ್ರ ನಿಜವೆಂದು ನಂಬಿ ಕಾಯುತ್ತ ಕುಳಿತವರನ್ನು ನಾನು ಬಹಳ ಕಂಡಿದ್ದೇನೆ. ದೀರ್ಘ ಸಂಬಂಧದಲ್ಲಿರುವ ಅನೇಕ ಮಹಿಳೆಯರಲ್ಲಿ ಬಯಕೆ ಮೊದಲೇ ಬರದೆ, ಆಪ್ತತೆ ಮತ್ತು ಸ್ಪರ್ಶದ ನಂತರ ಮೂಡುತ್ತದೆ ಎಂದು ಕೆನಡಾದ ವೈದ್ಯೆ ರೋಸ್‌ಮೇರಿ ಬಾಸನ್ 2000ದಲ್ಲೇ ವಿವರಿಸಿದ್ದರು. ಇದು ಎಷ್ಟೋ ಪುರುಷರಿಗೂ ಅನ್ವಯಿಸುತ್ತದೆ. ಇಬ್ಬರಿಗೂ ಒಪ್ಪಿಗೆಯಿದ್ದಾಗ, ದಣಿವಿಲ್ಲದ ಒಂದು ಹೊತ್ತನ್ನು ಅದಕ್ಕೆಂದೇ ಮೀಸಲಿಡುವುದರಲ್ಲಿ ಕೃತಕವಾದದ್ದೇನೂ ಇಲ್ಲ. ಮೊದಲೇ ಗೊತ್ತುಮಾಡಿಕೊಂಡರೆ ಸ್ವಾರಸ್ಯವೇ ಹೋಗುವುದಿಲ್ಲವೇ ಎನ್ನುವವರಿಗೆ ನನ್ನದೊಂದು ಮರುಪ್ರಶ್ನೆಯಿದೆ: ಒಲವಿನ ಮೊದಲ ದಿನಗಳಲ್ಲಿ ಭೇಟಿಯ ದಿನ, ಗಂಟೆ, ತೊಡುವ ಬಟ್ಟೆ ಎಲ್ಲವನ್ನೂ ಮುಂಚೆಯೇ ಗೊತ್ತುಮಾಡಿಕೊಂಡು ತಾನೇ ಹೋಗುತ್ತಿದ್ದಿರಿ?