‘ಬೇಡ’ ಎನ್ನುವುದನ್ನು ಕಲಿಸಲು ಹೋದ ದಿನ

ಆ ಸಂಜೆ ಚೀಟಿಗಳ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಾಗ, ಉಳಿದ ಚೀಟಿಗಳೆಲ್ಲ ಎರಡಾಗಿ ಮಡಚಿದ್ದವು. ಒಂದು ಮಾತ್ರ ಮಡಚಿ ಮಡಚಿ ಅಂಗಿಯ ಗುಂಡಿಯಷ್ಟು ಚಿಕ್ಕದಾಗಿತ್ತು. ಅದನ್ನು ಬಿಡಿಸಿದರೆ ಎರಡೇ ಸಾಲು: ‘ನಾನು ಎರಡು ಸಲ ಬೇಡ ಅಂದೆ. ಬೋರ್ಡಿನ ಮೇಲೆ ಬರೆದಿದ್ದ ಹಾಗೆಯೇ ಅಂದೆ.’

ಒಂಬತ್ತನೇ ತರಗತಿಯ ಮಕ್ಕಳಿಗೆ ವಾರಕ್ಕೊಂದು ಪೀರಿಯಡ್ ಜೀವನ ಕೌಶಲಗಳ ಮಾರ್ಗದರ್ಶನ ಮಾಡುವ ಕೆಲಸವನ್ನು ನಾನಾಗಿಯೇ ಒಪ್ಪಿಕೊಂಡಿದ್ದೆ. ಅದು ಎರಡನೆಯ ವರ್ಷ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಪಟ್ಟಿ ಮಾಡಿದ 10 ಕೌಶಲಗಳೇ ಇಂಥ ತರಗತಿಗಳಿಗೆ ಸಾಮಾನ್ಯವಾಗಿ ಆಧಾರ; ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ಅರ್ಥ ಮಾಡಿಕೊಳ್ಳುವುದು, ನಿರ್ಧಾರ ತೆಗೆದುಕೊಳ್ಳುವುದು, ಒತ್ತಡವನ್ನು ನಿಭಾಯಿಸುವುದು ಹೀಗೆ ಅದು ಸಾಗುತ್ತದೆ. ಪರಿಣಾಮಕಾರಿ ಸಂವಹನವೂ ಅದರಲ್ಲೊಂದು. ಗೆಳೆಯರ ಒತ್ತಾಯಕ್ಕೆ ಮಣಿಯದೆ ‘ಬೇಡ’ ಎನ್ನುವ ಪಾಠವನ್ನು ನಾನು ಅದರಡಿ ಇಟ್ಟುಕೊಂಡಿದ್ದೆ. ಆ ಪಾಠದ ಬಗ್ಗೆ ನನಗೆ ತುಸು ಹೆಮ್ಮೆಯೂ ಇತ್ತು, ಏಕೆಂದರೆ ಹಿಂದಿನ ವರ್ಷ ಮಕ್ಕಳು ಅತಿ ಹೆಚ್ಚು ನಕ್ಕದ್ದು ಅದರಲ್ಲೇ.

ಅಂದು ಬೋರ್ಡಿನ ಮೇಲೆ ಮೂರು ಸಾಲು ಬರೆದಿದ್ದೆ. ಸ್ಪಷ್ಟವಾಗಿ ಹೇಳಿ. ಉದ್ದುದ್ದ ಕಾರಣ ಕೊಡಬೇಡಿ. ಮತ್ತೆ ಒತ್ತಾಯಿಸಿದರೆ ಅದೇ ಮಾತನ್ನು ಮತ್ತೆ ಹೇಳಿ. ಆಮೇಲೆ ಇಬ್ಬಿಬ್ಬರನ್ನು ಮುಂದೆ ಕರೆದು, ಒಬ್ಬರು ಒತ್ತಾಯಿಸುವ ಸ್ನೇಹಿತರಾಗಿಯೂ ಇನ್ನೊಬ್ಬರು ನಿರಾಕರಿಸುವವರಾಗಿಯೂ ಅಭಿನಯಿಸುವಂತೆ ಹೇಳಿದೆ. ಪರೀಕ್ಷೆಯಲ್ಲಿ ಉತ್ತರ ತೋರಿಸು ಎನ್ನುವವನು, ಫೋನಿನ ಪಾಸ್‌ವರ್ಡ್ ಕೊಡು ಎನ್ನುವವಳು, ಮಧ್ಯಾಹ್ನದ ತರಗತಿಗೆ ಚಕ್ಕರ್ ಹಾಕೋಣ ಎನ್ನುವವನು. ಒತ್ತಾಯಿಸುವವರು ಏನೇನು ಹೇಳಬೇಕೆಂಬುದನ್ನು ನಾನೇ ಚೀಟಿಗಳಲ್ಲಿ ಬರೆದು ಕೊಟ್ಟಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬನಂತೂ ಚೀಟಿಯನ್ನು ಜೇಬಿಗೆ ಸೇರಿಸಿ, ಗಲ್ಲ ಹಿಡಿದು ಗೋಗರೆಯುವಷ್ಟು ತನ್ಮಯನಾಗಿ ಅಭಿನಯಿಸಿದ.

ಕಿಟಕಿಯ ಪಕ್ಕದ ಮೂರನೇ ಬೆಂಚಿನ ಹುಡುಗಿಯ ಸರದಿ ಬಂದಾಗ ಅವಳು ಎದ್ದು ನಿಂತು, “ನಾನು ಮಾಡಲ್ಲ ಮೇಡಂ” ಎಂದಳು.

“ಯಾಕಮ್ಮ, ನಾಚಿಕೆನಾ? ಎರಡೇ ನಿಮಿಷ.”

“ಬೇಡ ಮೇಡಂ.”

“ಎಲ್ಲರೂ ಮಾಡಿದ್ದಾರೆ ನೋಡು, ನೀನೊಬ್ಬಳೇ ಉಳಿದಿರೋದು. ನನಗೋಸ್ಕರ ಒಂದು ಸಲ ಬಾ.”

ನಾನು ಚಪ್ಪಾಳೆ ತಟ್ಟಿದೆ, ತರಗತಿಯೆಲ್ಲ ಜೊತೆಗೂಡಿತು. ಅವಳು ಬಂದಳು. ಕೈಯಲ್ಲಿದ್ದ ಕಾಗದದ ಚೂರನ್ನು ಮಡಚುತ್ತ, ಇನ್ನು ಮಡಚಲಾಗದಷ್ಟಾದ ಮೇಲೆ ಬಿಡಿಸಿ ಮತ್ತೆ ಮಡಚುತ್ತ, ಮೊದಲ ಬೆಂಚಿಗೂ ಕೇಳಿಸದ ದನಿಯಲ್ಲಿ ತನ್ನ ಮಾತು ಮುಗಿಸಿದಳು. “ನೋಡಿದೆಯಾ, ಎಷ್ಟು ಚೆನ್ನಾಗಿ ಮಾಡಿದೆ!” ಎಂದು ನಾನು ಬೆನ್ನು ತಟ್ಟಿ ಕಳಿಸಿದೆ. ಅವಳ ಹಿಂದೆ ಬೋರ್ಡಿನ ಮೇಲೆ ಆ ಮೂರು ಸಾಲುಗಳು ಹಾಗೆಯೇ ಇದ್ದವು.

ಚೀಟಿಯನ್ನು ಓದಿದಾಗ ನನ್ನಲ್ಲಿ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ, ಸಮರ್ಥನೆ. ಮಕ್ಕಳಿಗೆ ಸ್ವಲ್ಪ ಒತ್ತಾಸೆ ಬೇಕೇ ಬೇಕು, ಹಿಂದಿನ ವರ್ಷ ಹೀಗೆಯೇ ಎಬ್ಬಿಸಿ ನಿಲ್ಲಿಸಿದ ಹುಡುಗನೊಬ್ಬ ಆಮೇಲೆ ಮಾತಿನ ಮಲ್ಲನಾಗಲಿಲ್ಲವೇ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಮರುದಿನದ ಚೀಲ ಜೋಡಿಸುವಾಗ ಅಭಿನಯಕ್ಕೆಂದು ಬರೆದ ಚೀಟಿಗಳು ಕೈಗೆ ಸಿಕ್ಕವು. ‘ಎರಡೇ ನಿಮಿಷ.’ ‘ಎಲ್ಲರೂ ಮಾಡುತ್ತಾರೆ, ನೀನೊಬ್ಬಳೇ ಏನು?’ ‘ನನಗೋಸ್ಕರ ಒಂದೇ ಒಂದು ಸಲ.’ ಇವು ಕೆಟ್ಟ ಸ್ನೇಹಿತನ ಮಾತುಗಳೆಂದು ನಾನೇ ಯೋಚಿಸಿ, ನನ್ನ ಕೈಯಾರೆ ಬರೆದವು. ಇವನ್ನೇ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ನಾನು ಆ ಹುಡುಗಿಗೆ ಹೇಳಿದ್ದೆ. ಸಮರ್ಥನೆ ಅಲ್ಲಿಗೆ ನಿಂತಿತು.

ಹದಿಹರೆಯದವರ ಮೇಲೆ ಸಹಪಾಠಿಗಳ ಕಣ್ಣು ಎಷ್ಟು ಭಾರವಾಗಿರುತ್ತದೆಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಬೇರೆ ಬೇರೆ ವಯಸ್ಸಿನವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟು ನೋಡಿದ್ದರು. ಓರಗೆಯವರು ಜೊತೆಗಿದ್ದಾಗ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಹೆಚ್ಚಾಯಿತು. ವಯಸ್ಕರಿಗಿಂತ 13ರಿಂದ 16ರ ಮಕ್ಕಳಲ್ಲಿ ಈ ಏರಿಕೆ ಎದ್ದು ಕಾಣುತ್ತಿತ್ತು. ಇದನ್ನು ನಾನು ಶಿಕ್ಷಕರ ಸಭೆಯೊಂದರಲ್ಲಿ ವಿವರಿಸಿಯೂ ಇದ್ದೆ. ಆದರೆ ಒತ್ತಡವೆಂಬುದು ಮಕ್ಕಳು ಮಕ್ಕಳ ಮೇಲೆ ಹಾಕುವುದು, ಬಿಡಿಸಿಕೊಳ್ಳಲು ಕಲಿಸುವವಳು ನಾನು ಎಂಬ ಭ್ರಮೆಯಲ್ಲಿದ್ದೆ. ಆ ದಿನ ಮೂವತ್ತು ಮಕ್ಕಳ ಚಪ್ಪಾಳೆಯನ್ನು ಒಬ್ಬಳ ಮೇಲೆ ತಿರುಗಿಸಿದವಳು ನಾನೇ.

ಇನ್ನು ಅವಳೊಡನೆ ಮಾತಾಡುವುದು ಹೇಗೆ? ಚೀಟಿಗಳಲ್ಲಿ ಹೆಸರು ಬರೆಯಬೇಕಿಲ್ಲ, ಯಾರು ಬರೆದರೆಂದು ನಾನು ಹುಡುಕುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಪಕ್ಕಕ್ಕೆ ಕರೆದು ಕ್ಷಮೆ ಕೇಳಿದರೆ ಆ ಮಾತು ಮುರಿಯುತ್ತಿತ್ತು. ತರಗತಿಯ ಮುಂದೆ ಚೀಟಿಯ ಪ್ರಸ್ತಾಪ ಮಾಡಿದರೂ ಎಲ್ಲರೂ ಕಿಟಕಿಯ ಕಡೆಗೇ ತಿರುಗುತ್ತಿದ್ದರು. ಆದ್ದರಿಂದ ಮುಂದಿನ ವಾರ ಚೀಟಿಯ ಸುದ್ದಿಯನ್ನೇ ಎತ್ತದೆ, ಒತ್ತಾಯದ ಆ ಮೂರು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು, ಇವನ್ನು ಕಳೆದ ವಾರ ಇಲ್ಲಿ ಯಾರು ಹೇಳಿದರು ಎಂದು ಕೇಳಿದೆ. ಅಭಿನಯಿಸಿದ್ದ ನಾಲ್ಕೈದು ಮಕ್ಕಳ ಹೆಸರುಗಳು ಬಂದವು. ಕೊನೆಯ ಬೆಂಚಿನ ನಟ ಮಾತ್ರ ತಲೆ ಕೆರೆದುಕೊಂಡು, “ನೀವೂ ಹೇಳಿದ್ರಿ ಮೇಡಂ” ಎಂದ. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ, ಆಮೇಲೆ ಎಲ್ಲರೂ ನಕ್ಕರು. ಹೌದು, ಹೇಳಿದೆ, ಹೇಳಬಾರದಿತ್ತು, ತಪ್ಪಾಯಿತು ಎಂದೆ. ಹದಿನಾಲ್ಕು ವರ್ಷದ ಮಕ್ಕಳ ಮುಂದೆ ನಿಂತು ತಪ್ಪಾಯಿತೆನ್ನುವಾಗ ಬಾಯಿ ಎಷ್ಟು ಒಣಗುತ್ತದೆಂಬುದು ನನಗೆ ಆವರೆಗೆ ತಿಳಿದಿರಲಿಲ್ಲ.

ಇನ್ನು ಮುಂದೆ ಯಾವುದೇ ಚಟುವಟಿಕೆಯಲ್ಲಿ ಯಾರು ಬೇಕಾದರೂ ‘ಪಾಸ್’ ಎನ್ನಬಹುದು, ಯಾಕೆಂದು ನಾನು ಕೇಳುವುದಿಲ್ಲ ಎಂಬ ನಿಯಮ ಅಂದೇ ಜಾರಿಗೆ ಬಂತು. ಪರಿಣಾಮವೂ ಅಂದೇ ಗೊತ್ತಾಯಿತು. ಮೊದಲನೆಯವಳು ಅಳುಕುತ್ತ ‘ಪಾಸ್’ ಎಂದಳು, ನಂತರ ಸಾಲುಸಾಲಾಗಿ ಹನ್ನೊಂದು ಪಾಸ್. ಗುಂಪಿಗೆ ಹೆದರಿ ಜನ ಕಣ್ಣೆದುರಿನ ಗೆರೆಯ ಉದ್ದವನ್ನೂ ತಪ್ಪಾಗಿ ಹೇಳುತ್ತಾರೆಂದು 1950ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ ಸೊಲೊಮನ್ ಆಶ್, ಜೊತೆಗೆ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಹಾಗೆ ಮಣಿಯುವವರು ಬಹಳ ಕಡಿಮೆಯಾಗುತ್ತಾರೆಂಬುದನ್ನೂ ಕಂಡುಕೊಂಡಿದ್ದ. ಅದು ನಿಜವೆಂದು ನನ್ನ ಹಾಳಾದ ಪೀರಿಯಡ್ ಸಾಕ್ಷಿ ನುಡಿಯಿತು. ಹಿಂದೆ ಕುಳಿತು ನೋಟ್‌ಬುಕ್ ತಿದ್ದುತ್ತಿದ್ದ ತರಗತಿ ಶಿಕ್ಷಕಿ ಹೊರಗೆ ಬಂದ ಮೇಲೆ, “ಹೀಗೆ ಬಿಟ್ಟರೆ ನಾಳೆ ಪಾಠ ಓದು ಅಂದರೂ ಪಾಸ್ ಅಂತಾರೆ, ನೋಡ್ತಾ ಇರಿ” ಎಂದರು. ಅವರ ಮಾತಿನಲ್ಲಿ ಹುರುಳಿತ್ತು.

ಹೀಗಾಗಿ ಮೂರನೆಯ ವಾರ ಪೂರ್ತಿ, ಎಲ್ಲಿ ಬೇಡ ಎನ್ನಬಹುದು, ಎಲ್ಲಿ ಎನ್ನಲಾಗದು ಎಂಬ ಚರ್ಚೆಯಲ್ಲೇ ಕಳೆಯಿತು. ಮನೆಗೆಲಸದ ಲೆಕ್ಕಕ್ಕೆ ಪಾಸ್ ಇಲ್ಲವೆಂದು ಅವರೇ ಒಪ್ಪಿದರು. ಅಪ್ಪಿಕೊಳ್ಳಲು ಬರುವ ನೆಂಟರಿಗೆ ಬೇಡ ಎನ್ನಬಹುದೇ ಎಂಬ ಬಗ್ಗೆ ಜಗಳವೇ ಆಯಿತು. ಅಷ್ಟರಲ್ಲಿ ಒಬ್ಬ ಹುಡುಗ, “ಮನೇಲಿ ಬೇಡ ಅಂದ್ರೆ ಎದುರು ಮಾತಾಡ್ತೀಯಾ ಅಂತಾರೆ ಮೇಡಂ. ನಾವು ಸರಿಯಾಗಿ ಹೇಳಿದ್ರೂ ಕೇಳೋರು ಕೇಳಬೇಕಲ್ಲ?” ಎಂದ. ನನ್ನ ಪಾಠದ ಕೊರತೆಯನ್ನು ಅದಕ್ಕಿಂತ ನೇರವಾಗಿ ಹೇಳಲಾಗದು. ನಾವು ಮಕ್ಕಳಿಗೆ ಹೇಳುವ ಬಗೆಯನ್ನು ಕಲಿಸುತ್ತೇವೆ, ಹೇಳಿಯೂ ಕೆಲಸವಾಗದಿದ್ದರೆ ನೀನು ಗಟ್ಟಿಯಾಗಿ ಹೇಳಲಿಲ್ಲವೆಂದು ಮತ್ತೆ ಅವರನ್ನೇ ತಿದ್ದುತ್ತೇವೆ. ಕೇಳಿಸಿಕೊಳ್ಳುವವನಿಗೆ ಮಾತ್ರ ಯಾವ ಅಭ್ಯಾಸವನ್ನೂ ಕೊಡುವುದಿಲ್ಲ.

ನಾಲ್ಕನೆಯ ವಾರ ಅದೇ ಅಭಿನಯವನ್ನು ತಲೆಕೆಳಗು ಮಾಡಿದೆವು. ಎದುರಿನವರು ಬೇಡ ಎಂದ ಕೂಡಲೇ ಒತ್ತಾಯಿಸುವವರು ನಿಲ್ಲಿಸಬೇಕು, ಅಷ್ಟೇ. ನಮ್ಮ ಕೊನೆಯ ಬೆಂಚಿನ ನಟನೇ ಮೊದಲು ಬಂದ. ಸ್ನೇಹಿತ ಬೇಡ ಎಂದ. ಇವನು ಬಾಯಿ ತೆರೆದು ನನ್ನ ಕಡೆ ನೋಡಿದ. ಚೀಟಿಯಲ್ಲಿ ಮುಂದಿನ ಮಾತು ಇರಲಿಲ್ಲ. ಕೊನೆಗೆ “ಸರಿ” ಎಂದವನು ಎರಡು ಹೆಜ್ಜೆ ಹೋಗಿ ತಿರುಗಿ, “ಆದ್ರೆ ಯಾಕೋ?” ಎಂದುಬಿಟ್ಟ. ಮತ್ತೆ ಮೊದಲಿನಿಂದ. ಎರಡನೆಯ ಸಲವೂ ‘ಯಾಕೆ’ ಇಣುಕಿತು. ಮೂರನೆಯ ಸಲ ತುಟಿ ಕಚ್ಚಿ ಹಿಡಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಬರೆದು ಮುಗಿಸಿದವನಂತೆ ಬೆವರುತ್ತ ತನ್ನ ಜಾಗಕ್ಕೆ ಹೋಗಿ ಕುಳಿತ.

ಕಿಟಕಿಯ ಪಕ್ಕದ ಹುಡುಗಿ ಆ ವಾರವೂ ಪಾಸ್ ಎಂದಳು, ಅದರ ನಂತರದ ವಾರಗಳಲ್ಲೂ. ಒಂದಲ್ಲ ಒಂದು ದಿನ ತಾನಾಗಿಯೇ ಎದ್ದು ಮುಂದೆ ಬರುತ್ತಾಳೆಂದು ನಾನು ಒಳಗೊಳಗೇ ಕಾಯುತ್ತಿದ್ದುದು ಸುಳ್ಳಲ್ಲ. ವರ್ಷ ಮುಗಿಯುವವರೆಗೂ ಅವಳು ಬರಲಿಲ್ಲ. ಕಡೆಯ ತರಗತಿ ಮುಗಿದು ಮಕ್ಕಳೆಲ್ಲ ಹೊರಡುತ್ತಿದ್ದಾಗ, ನನ್ನ ಎರಡೂ ಕೈಯಲ್ಲಿ ಚಾರ್ಟುಗಳಿದ್ದುದರಿಂದ, ಚೀಟಿಗಳ ಡಬ್ಬಿಯನ್ನು ಸ್ಟಾಫ್ ರೂಮಿನವರೆಗೆ ತಂದುಕೊಡುತ್ತೀಯಾ ಎಂದು ಅವಳನ್ನು ಕೇಳಿದೆ. ಅವಳು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಪಾಸ್, ಮೇಡಂ” ಎಂದು, ಆ ವರ್ಷದಲ್ಲೇ ಮೊದಲ ಬಾರಿಗೆ, ಹಲ್ಲು ಕಾಣುವಂತೆ ನಕ್ಕಳು.

ನಾನು ಚಾರ್ಟುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಡಬ್ಬಿಯನ್ನು ಎತ್ತಿಕೊಂಡೆ.